ಎಮ್ಡನ್ ಹಡಗಿನ ಕಪ್ತಾನ ಕಾರ್ಲ್ ಫಾನ್ ಮುಲ್ಲರ್

ಕಾಸರಗೋಡಿನ ಕನ್ನಡ ಶಾಲೆಗಳ ಮಕ್ಕಳು ಮಲಯಾಳ ಮಾತನಾಡುವ ಗೆಳೆಯರ ಬಾಯಲ್ಲಿ ‘ಯಮಂಡನ್’ ಎಂಬ ಮಾತನ್ನು ಕೇಳಿಯೇ ಇರುತ್ತಾರೆ. ಅಳತೆ ಮೀರಿ ದೊಡ್ಡದಾದ ಯಾವುದಕ್ಕೂ ಅಲ್ಲಿ ಅದೇ ವಿಶೇಷಣ. ಹೊಸೂರು, ತಾಳವಾಡಿ, ನೀಲಗಿರಿಯ ಕಡೆ ತಮಿಳರ ಮಾತಿನಲ್ಲಿ ‘ಎಮ್ಡನ್’ ಎಂದರೆ ಯಾರಿಗೂ ಜಗ್ಗದ, ಎದುರು ನಿಲ್ಲಲು ಅಂಜಬೇಕಾದ ಆಸಾಮಿ. ಈ ಎರಡು ಮಾತುಗಳೂ ಒಂದು ಜರ್ಮನ್ ಯುದ್ಧನೌಕೆಯ ಹೆಸರಿನಿಂದ ಹುಟ್ಟಿದವು ಎಂಬುದು ಬಹುಜನರ ನಂಬಿಕೆ. ಹೀಗೆ ಹಡಗಿನ ಹೆಸರು ನೆರೆಯವರ ನಾಲಗೆಯ ಮೇಲೆ ನೂರು ವರ್ಷ ದಾಟಿಯೂ ಉಳಿದಿದೆ. ಆ ಹಡಗನ್ನು ನಡೆಸಿದ ಕಪ್ತಾನನ ಹೆಸರನ್ನು ಕೇಳಿದರೆ ಹೇಳಬಲ್ಲವರು ಮಾತ್ರ ವಿರಳ. ಸ್ವತಃ ಆ ಕಪ್ತಾನರೂ ತಮ್ಮ ಹೆಸರು ಉಳಿಯಬೇಕೆಂದು ಬಯಸಿದವರಲ್ಲ.

ಕಾರ್ಲ್ ಫಾನ್ ಮುಲ್ಲರ್ 1873ರ ಜೂನ್ 16ರಂದು ಉತ್ತರ ಜರ್ಮನಿಯ ಹಾನೋವರ್ ನಗರದಲ್ಲಿ ಜನಿಸಿದರು. ತಂದೆ ಪ್ರಷ್ಯದ ಭೂಸೇನೆಯಲ್ಲಿ ಕರ್ನಲ್. ಹಾನೋವರ್ ಮತ್ತು ಕೀಲ್ ಪಟ್ಟಣಗಳಲ್ಲಿ ಶಾಲಾಭ್ಯಾಸ ಮುಗಿಸಿ ಪ್ಲೋನ್ ಎಂಬಲ್ಲಿಯ ಸೈನಿಕ ವಿದ್ಯಾಲಯಕ್ಕೆ ಸೇರಿದ ಬಾಲಕ, ತಂದೆಯ ದಾರಿಯನ್ನು ಬಿಟ್ಟು 1891ರಲ್ಲಿ ನೌಕಾಪಡೆಯನ್ನು ಆರಿಸಿಕೊಂಡರು. ಜರ್ಮನಿಯು ಒಂದೇ ಸಾಮ್ರಾಜ್ಯವಾಗಿ ಒಗ್ಗೂಡಿ ಆಗ ಇಪ್ಪತ್ತೇ ವರ್ಷ. ಅದರ ನೌಕಾಪಡೆಯೂ ಅಷ್ಟೇ ಎಳೆಯದು; ಸಮುದ್ರದ ಮೇಲೆ ಇಂಗ್ಲೆಂಡಿಗೆ ಸರಿಸಾಟಿಯಾಗಬೇಕೆಂಬ ಚಕ್ರವರ್ತಿ ಎರಡನೆಯ ವಿಲ್ಹೆಲ್ಮನ ಹಂಬಲಕ್ಕೆ ಅದು ಬೆಳೆಯತೊಡಗಿದ ಕಾಲ. ತರಬೇತಿ ಹಡಗುಗಳಲ್ಲಿ ಕಲಿತು, ಸಂಜ್ಞೆಗಳ ಅಧಿಕಾರಿಯಾಗಿ ಕೆಲಸ ಮಾಡಿ, ಮುಲ್ಲರ್ ಮೆಟ್ಟಿಲು ಮೆಟ್ಟಿಲಾಗಿ ಮೇಲೇರಿದರು. ಅವರದು ಮಿತಭಾಷಿ ಸ್ವಭಾವ. ಸಂಕೋಚದವರೆಂದು ಜೊತೆಗಾರರು ಭಾವಿಸುತ್ತಿದ್ದರು.

ಮುಂದೆ ‘ಶ್ವಾಲ್ಬೆ’ ಎಂಬ ಹಡಗಿನಲ್ಲಿ ಪೂರ್ವ ಆಫ್ರಿಕದ ಜರ್ಮನ್ ವಸಾಹತಿಗೆ ಹೋದರು. ಅಲ್ಲಿಂದ ಅವರು ತಂದದ್ದು ಮಲೇರಿಯ ಜ್ವರವನ್ನು. ಆ ಜ್ವರ ಕೊನೆಯವರೆಗೂ ಅವರನ್ನು ಬಿಡಲಿಲ್ಲ. 1900ರಲ್ಲಿ ತಾಯ್ನಾಡಿಗೆ ಮರಳಿದ ಮೇಲೆ ಫಿರಂಗಿ ವಿಭಾಗದಲ್ಲೂ ರಾಜಕುಮಾರ ಹೈನ್ರಿಕ್‌ನ ಕಾರ್ಯಾಲಯದಲ್ಲೂ ದುಡಿದರು. ಬರ್ಲಿನ್ನಿನ ನೌಕಾ ಇಲಾಖೆಯಲ್ಲಿ ಅವರ ಕೆಲಸ ಅಡ್ಮಿರಲ್ ಟಿರ್ಪಿಟ್ಸ್‌ರ ಗಮನ ಸೆಳೆಯಿತು. ಅದರ ಫಲವಾಗಿ 1913ರಲ್ಲಿ ಒಂದು ಹಡಗಿನ ಅಧಿಪತ್ಯ ದೊರೆಯಿತು. ಆ ಹಡಗೇ ಎಮ್ಡನ್.

ಎಮ್ಡನ್ ಎಂಬುದು ಜರ್ಮನಿಯ ವಾಯವ್ಯ ಮೂಲೆಯಲ್ಲಿ, ಎಮ್ಸ್ ನದಿ ಕಡಲು ಸೇರುವಲ್ಲಿರುವ ಬಂದರು ಪಟ್ಟಣ. ಹಡಗಿಗೆ ಇಟ್ಟದ್ದು ಆ ಊರಿನ ಹೆಸರು. ಆ ಸೀಮೆಗೆ ಪೂರ್ವ ಫ್ರೀಸ್‌ಲೆಂಡ್ ಎಂದು ಹೆಸರು. ಕನ್ನಡ ಓದುಗರಿಗೆ ಇಲ್ಲೊಂದು ಮಾತು ಹೇಳಲೇಬೇಕು. 1894ರಲ್ಲಿ ನಮಗೆ ಕನ್ನಡ–ಇಂಗ್ಲಿಷ್ ನಿಘಂಟನ್ನು ಕೊಟ್ಟ ಫರ್ಡಿನಾಂಡ್ ಕಿಟ್ಟೆಲ್ ಹುಟ್ಟಿದ್ದು ಇದೇ ಪೂರ್ವ ಫ್ರೀಸ್‌ಲೆಂಡಿನ ಒಂದು ಹಳ್ಳಿಯಲ್ಲಿ. ಮಲಯಾಳಕ್ಕೆ ನಿಘಂಟು ಕೊಟ್ಟ ಗುಂಡರ್ಟ್ ಕೂಡ ಜರ್ಮನರೇ. ನಮ್ಮ ಕರಾವಳಿಯಲ್ಲಿ ಅಲ್ಲಿಯವರೆಗೆ ಜರ್ಮನರೆಂದರೆ ಶಾಲೆ, ಮುದ್ರಣಾಲಯ, ಹೆಂಚಿನ ಕಾರ್ಖಾನೆ ನಡೆಸುವ ಬಾಸೆಲ್ ಮಿಶನ್ನಿನ ಪಾದ್ರಿಗಳು. ಜರ್ಮನಿಯ ಇನ್ನೊಂದು ಮುಖವನ್ನು ದಕ್ಷಿಣ ಭಾರತ ಕಂಡದ್ದು ಆ ಸೀಮೆಯ ಪಟ್ಟಣದ ಹೆಸರು ಹೊತ್ತ ಈ ಹಡಗಿನಿಂದ.

ಎಮ್ಡನ್ ದೈತ್ಯ ಹಡಗೇನೂ ಆಗಿರಲಿಲ್ಲ. ‘ಯಮಂಡನ್’ ಎಂಬ ಮಾತಿನ ಅರ್ಥ ನೆನೆದರೆ ನಗು ಬರುವಷ್ಟು ಸಾಧಾರಣ ಗಾತ್ರ: ಉದ್ದ ಸುಮಾರು 118 ಮೀಟರ್, ಹತ್ತು ಫಿರಂಗಿಗಳು, ಒಳಗೆ ಸುಮಾರು 360 ಮಂದಿ. ನೌಕಾಶಾಸ್ತ್ರದಲ್ಲಿ ಇದನ್ನು ಲಘು ಕ್ರೂಸರ್ ಎನ್ನುತ್ತಾರೆ. ಚೀನದ ಕರಾವಳಿಯಲ್ಲಿ ಜರ್ಮನಿ ಗುತ್ತಿಗೆಗೆ ಪಡೆದಿದ್ದ ಚಿಂಗ್‌ಟಾವ್ ಅದರ ನೆಲೆ. ಬಿಳಿಯ ಬಣ್ಣ ಬಳಿದುಕೊಂಡು ಪೂರ್ವದ ಹಂಸವೆಂದು ಕರೆಸಿಕೊಂಡಿತ್ತು. 1913ರಲ್ಲಿ ಯಾಂಗ್‌ಟ್ಸಿ ನದಿಯ ದಂಡೆಯ ಬಂಡುಕೋರರ ಕೋಟೆಗಳ ಮೇಲೆ ಗುಂಡು ಹಾರಿಸಿ ಮುಲ್ಲರ್ ಒಂದು ಪದಕವನ್ನೂ ಪಡೆದರು. ಸಾಮ್ರಾಜ್ಯಗಳ ಕಾಲದಲ್ಲಿ ಪರರ ನದಿಯಲ್ಲಿ ಹೀಗೆ ಗುಂಡು ಹಾರಿಸುವುದು ಯಾರಿಗೂ ವಿಚಿತ್ರವೆನಿಸುತ್ತಿರಲಿಲ್ಲ.

1914ರ ಜುಲೈ 31ರಂದು, ಯುದ್ಧ ಘೋಷಣೆಯ ಹೊಸ್ತಿಲಲ್ಲಿ, ಮುಲ್ಲರ್ ಹಡಗನ್ನು ಚಿಂಗ್‌ಟಾವ್‌ನಿಂದ ಹೊರತಂದರು. ಪೆಸಿಫಿಕ್ ಸಾಗರದ ಪಗಾನ್ ದ್ವೀಪದ ಬಳಿ ಅಡ್ಮಿರಲ್ ಷ್ಪೇಯವರ ನೌಕಾತಂಡವನ್ನು ಸೇರಿದರು. ಇಡೀ ತಂಡ ದಕ್ಷಿಣ ಅಮೆರಿಕದತ್ತ ಹೋಗುವುದೆಂದು ತೀರ್ಮಾನವಾಗುತ್ತಿದ್ದಾಗ ಮುಲ್ಲರ್ ಬೇರೊಂದು ಸಲಹೆ ಮುಂದಿಟ್ಟರು. ಒಂದೇ ಒಂದು ಹಡಗನ್ನು ಹಿಂದೂ ಮಹಾಸಾಗರಕ್ಕೆ ಕಳುಹಿಸಿದರೆ ಇಂಗ್ಲೆಂಡಿನ ವ್ಯಾಪಾರದ ದಾರಿಯನ್ನು ಕೆಡಿಸಬಹುದು ಎಂಬುದು ಅವರ ವಾದ. ಷ್ಪೇ ಒಪ್ಪಿದರು. ಜೊತೆಗೆ ಒಂದು ಕಲ್ಲಿದ್ದಲ ಹಡಗನ್ನು ಮಾತ್ರ ಕೊಟ್ಟು ಬೀಳ್ಕೊಟ್ಟರು. ಷ್ಪೇ ಆ ವರ್ಷದ ಡಿಸೆಂಬರಿನಲ್ಲಿ ಫಾಕ್‌ಲೆಂಡ್ ದ್ವೀಪಗಳ ಕದನದಲ್ಲಿ ತಮ್ಮ ಇಬ್ಬರು ಪುತ್ರರೊಂದಿಗೆ ಸಮುದ್ರ ಸೇರಿದರು.

ಹಿಂದೂ ಮಹಾಸಾಗರದ ಪೂರ್ವ ಭಾಗದಲ್ಲಿ ಜರ್ಮನಿಗೆ ಸ್ವಂತ ಬಂದರಿರಲಿಲ್ಲ. ಕಲ್ಲಿದ್ದಲು ಮುಗಿದರೆ ಉಗಿ ಹಡಗು ತೇಲುವ ಮರದ ದಿಮ್ಮಿಗೆ ಸಮಾನ. ಆದ್ದರಿಂದ ಶತ್ರುವಿನ ಹಡಗನ್ನು ಹಿಡಿದು, ಅದರ ಕಲ್ಲಿದ್ದಲನ್ನೇ ತೆಗೆದುಕೊಂಡು ಮುಂದೆ ಸಾಗಬೇಕು. ಸುಡುಬಿಸಿಲಿನಲ್ಲಿ, ಅಲೆಗಳಿಗೆ ಪರಸ್ಪರ ಬಡಿದುಕೊಳ್ಳುವ ಎರಡು ಹಡಗುಗಳ ನಡುವೆ, ಚೀಲ ಚೀಲವಾಗಿ ಕಲ್ಲಿದ್ದಲನ್ನು ಸಾಗಿಸುವ ಕೆಲಸದಲ್ಲಿ ಎಮ್ಡನ್ನಿನ ನಾವಿಕರು ಕಳೆದ ದಿನಗಳು ಯುದ್ಧಮಾಡಿದ ದಿನಗಳಿಗಿಂತ ಎಷ್ಟೋ ಹೆಚ್ಚು. ಬ್ರಿಟಿಷ್ ಯುದ್ಧನೌಕೆಗಳಂತೆ ಕಾಣಲೆಂದು ಮೂರು ಹೊಗೆಕೊಳವೆಗಳ ಪಕ್ಕದಲ್ಲಿ ಬಟ್ಟೆಯ ನಾಲ್ಕನೆಯ ಕೊಳವೆಯೊಂದನ್ನು ಕಟ್ಟಿಕೊಂಡು ಅವರು ಡಚ್ಚರ ದ್ವೀಪಗಳ ನಡುವಿನಿಂದ ನುಸುಳಿ, ಸೆಪ್ಟೆಂಬರಿನ ಮೊದಲ ವಾರದಲ್ಲಿ ಬಂಗಾಳ ಕೊಲ್ಲಿಗೆ ಬಂದರು.

ಅಲ್ಲಿಂದ ಮುಂದಿನದು ಬೇಟೆ. ಸೆಪ್ಟೆಂಬರ್ 10ರಂದು ‘ಇಂಡಸ್’ ಎಂಬ ಹಡಗು ಸಿಕ್ಕಿತು. ಅದರಲ್ಲಿದ್ದ ಸಾಬೂನಿನ ಪೆಟ್ಟಿಗೆಗಳು, ಸಾಬೂನು ಮುಗಿದು ಕಷ್ಟಪಡುತ್ತಿದ್ದ ಎಮ್ಡನ್ನಿನವರಿಗೆ ಚಿನ್ನಕ್ಕಿಂತ ಹೆಚ್ಚಾದವು. ಬಳಿಕ ಒಂದರ ಹಿಂದೆ ಒಂದು: ಲೊವಾಟ್, ಕಿಲ್ಲಿನ್, ಚಹಾ ತುಂಬಿದ್ದ ಡಿಪ್ಲೊಮ್ಯಾಟ್, ಟ್ರಾಬೊಕ್. ಪ್ರತಿ ಸಲವೂ ಮುಲ್ಲರ್ ಅನುಸರಿಸಿದ ಕ್ರಮ ಒಂದೇ. ಮೊದಲು ಹಡಗನ್ನು ನಿಲ್ಲಿಸುವುದು, ಅದರಲ್ಲಿದ್ದ ಎಲ್ಲರನ್ನೂ ಅವರವರ ಸಾಮಾನಿನೊಂದಿಗೆ ಇಳಿಸಿಕೊಳ್ಳುವುದು, ಆಮೇಲೆ ಖಾಲಿ ಹಡಗನ್ನು ಮುಳುಗಿಸುವುದು. ಕಬಿಂಗ ಎಂಬ ಹಡಗಿನಲ್ಲಿ ಅದರ ಕಪ್ತಾನನ ಪತ್ನಿಯೂ ಮಗುವೂ ಇದ್ದುದರಿಂದ ಅದನ್ನು ಮುಳುಗಿಸದೆ, ಸೆರೆಸಿಕ್ಕವರನ್ನೆಲ್ಲ ಅದಕ್ಕೇರಿಸಿ ಕಲ್ಕತ್ತೆಗೆ ಕಳುಹಿಸಿಕೊಟ್ಟರು. ಹೀಗೆ ಬಿಡುಗಡೆ ಹೊಂದಿದ ಇಂಗ್ಲಿಷ್ ನಾವಿಕರು ತಮ್ಮನ್ನು ಹಿಡಿದ ಹಡಗಿಗೇ ಜಯಕಾರ ಹಾಕಿ ಹೊರಟರು. ಸಮುದ್ರದಲ್ಲಿ ಎಮ್ಡನ್ ಹಿಡಿದ ಯಾವ ವ್ಯಾಪಾರಿ ಹಡಗಿನಲ್ಲೂ ಒಬ್ಬ ನಾವಿಕನ ಪ್ರಾಣವೂ ಹೋಗಲಿಲ್ಲ. ಶತ್ರುಗಳ ಪತ್ರಿಕೆಗಳೇ ಈ ಕಪ್ತಾನನನ್ನು ಹೊಗಳಿದವು. ಇತ್ತ ಕಲ್ಕತ್ತೆ, ಕೊಲಂಬೊ, ಸಿಂಗಾಪುರದ ಹಡಗುದಾರಿಗಳು ಸ್ತಬ್ಧವಾಗಿ, ವಿಮೆಯ ದರ ಏರಿತು.

ಮದರಾಸಿನ ರಾತ್ರಿ ಮಾತ್ರ ಇದಕ್ಕಿಂತ ಬೇರೆ ಬಗೆಯದು. ನಮ್ಮ ಓದುಗರಿಗೆ ಮದರಾಸು ಪರಸ್ಥಳವಲ್ಲ. ಆಗ ಕಾಸರಗೋಡು, ವಯನಾಡು, ನೀಲಗಿರಿ, ಹೊಸೂರು, ತಾಳವಾಡಿ, ಆದವಾನಿ, ರಾಯದುರ್ಗ, ಮಡಕಶಿರಾ ಎಲ್ಲವೂ ಮದರಾಸು ಪ್ರೆಸಿಡೆನ್ಸಿಯವೇ. ಆ ನಗರವೇ ಇವರೆಲ್ಲರ ರಾಜಧಾನಿ. 1914ರ ಸೆಪ್ಟೆಂಬರ್ 22, ರಾತ್ರಿ ಒಂಬತ್ತೂವರೆಯ ಸುಮಾರು. ನಗರದ ದೀಪಗಳು ಉರಿಯುತ್ತಿದ್ದವು, ದೀಪಸ್ತಂಭವೂ ಬೆಳಗುತ್ತಿತ್ತು. ದಡದಿಂದ ಸುಮಾರು ಮೂರು ಸಾವಿರ ಗಜ ದೂರಕ್ಕೆ ಬಂದು ನಿಂತ ಎಮ್ಡನ್ ತನ್ನ ಶೋಧದೀಪಗಳನ್ನು ಬೆಳಗಿಸಿ ಬರ್ಮಾ ಆಯಿಲ್ ಕಂಪೆನಿಯ ಎಣ್ಣೆ ತೊಟ್ಟಿಗಳ ಮೇಲೆ ಗುಂಡಿನ ಮಳೆಗರೆಯಿತು. ಹತ್ತು ನಿಮಿಷದಲ್ಲಿ ಸುಮಾರು 130 ಗುಂಡುಗಳು ಹಾರಿದವು. ತೊಟ್ಟಿಗಳು ಹೊತ್ತಿಕೊಂಡು ಆಕಾಶ ಕೆಂಪಾಯಿತು. ದಡದ ಫಿರಂಗಿಗಳು ಎಚ್ಚೆತ್ತು ಉತ್ತರ ಕೊಡುವಷ್ಟರಲ್ಲಿ ಹಡಗು ದೀಪವಾರಿಸಿ ಕತ್ತಲೆಗೆ ಸರಿದಿತ್ತು.

ಮುಲ್ಲರ್ ತಮ್ಮ ವರದಿಯಲ್ಲಿ ಈ ದಾಳಿಯ ಕಾರಣವನ್ನು ಮುಚ್ಚಿಡಲಿಲ್ಲ. ಎಣ್ಣೆ ಸುಡುವುದಕ್ಕಿಂತ ಹೆಚ್ಚಾಗಿ, ಇಂಗ್ಲಿಷರ ಪ್ರತಿಷ್ಠೆ ಭಾರತೀಯರ ಕಣ್ಣೆದುರಿಗೇ ಕುಗ್ಗಬೇಕೆಂಬುದು ಅವರ ಉದ್ದೇಶವಾಗಿತ್ತು. ಅದು ಕೈಗೂಡಿತು. ಸಾವಿರಾರು ಜನ ಮನೆಮಠ ತೊರೆದು ಒಳನಾಡಿನತ್ತ ಓಡಿದರು. ಸಮುದ್ರದ ಒಡೆಯರೆಂದು ಬೀಗುತ್ತಿದ್ದವರು ತಮ್ಮದೇ ಬಂದರನ್ನು ಕಾಯಲಾರದೆ ಹೋದರಲ್ಲ ಎಂಬ ಮಾತು ಊರೂರಿಗೂ ಹಬ್ಬಿತು. ಆದರೆ ಬಂದರಿನಲ್ಲಿ ನಿಂತಿದ್ದ ‘ಚುಪ್ರ’ ಎಂಬ ವ್ಯಾಪಾರಿ ಹಡಗಿಗೂ ಗುಂಡು ತಗುಲಿತ್ತು. ಆ ರಾತ್ರಿ ಕನಿಷ್ಠ ಐದು ಮಂದಿ ಸತ್ತರು. ಗಾಯಗೊಂಡವರು ಇನ್ನೂ ಹೆಚ್ಚು. ಎಮ್ಡನ್ನಿನ ಸೌಜನ್ಯದ ಕತೆಗಳನ್ನು ಹೇಳುವವರು ಈ ಐವರನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದು ಕಡಿಮೆ. ಮದರಾಸಿನ ಹೈಕೋರ್ಟಿನ ಆವರಣ ಗೋಡೆಗೆ ಗುಂಡು ಬಡಿದ ಜಾಗದಲ್ಲಿ ಒಂದು ಫಲಕವಿದೆ. ಚೆನ್ನೈಗೆ ಹೋದವರು ನೋಡಬಹುದು.

ಇಲ್ಲಿಯೇ ಇನ್ನೊಂದು ಮಾತು. ತಿರುವನಂತಪುರದ ಕ್ರಾಂತಿಕಾರಿ ಚೆಂಪಕರಾಮನ್ ಪಿಳ್ಳೆ ಎಮ್ಡನ್ನಿನಲ್ಲಿದ್ದು ಮದರಾಸಿಗೆ ದಾರಿ ತೋರಿಸಿದರೆಂಬ ಕತೆ ಕೇರಳ, ತಮಿಳುನಾಡುಗಳಲ್ಲಿ ಬಹಳ ಜನಪ್ರಿಯ. ಪಿಳ್ಳೆಯವರ ದೇಶಪ್ರೇಮದಲ್ಲಿ ಸಂಶಯವಿಲ್ಲ. ಆದರೆ ಆ ತಿಂಗಳುಗಳಲ್ಲಿ ಅವರಿದ್ದದ್ದು ಯೂರೋಪಿನಲ್ಲಿ, ಮೊದಲು ಜ್ಯೂರಿಕ್, ಆಮೇಲೆ ಬರ್ಲಿನ್. ಮಕ್ಕಳಿಗೆ ಈ ಕತೆ ಹೇಳುವ ಹಿರಿಯರು ಇಷ್ಟನ್ನು ನೆನಪಿಡುವುದು ಒಳ್ಳೆಯದು.

ಮದರಾಸಿನಿಂದ ಎಮ್ಡನ್ ಸಿಂಹಳವನ್ನು ಬಳಸಿ ಪಶ್ಚಿಮಕ್ಕೆ ಬಂದು, ಮಿನಿಕಾಯ್ ದ್ವೀಪದ ಆಸುಪಾಸಿನಲ್ಲಿ ಮತ್ತಷ್ಟು ಹಡಗುಗಳನ್ನು ಹಿಡಿಯಿತು. ‘ಬುರೆಸ್ಕ್’ ಎಂಬುದರಲ್ಲಿ ಉತ್ತಮ ವೇಲ್ಸ್ ಕಲ್ಲಿದ್ದಲು ಸಿಕ್ಕಿತು. ಅಕ್ಟೋಬರಿನಲ್ಲಿ ಡಿಯಾಗೊ ಗಾರ್ಸಿಯ ದ್ವೀಪಕ್ಕೆ ಹೋದಾಗ ಅಲ್ಲೊಂದು ತಮಾಷೆ ನಡೆಯಿತು. ಅದು ಬ್ರಿಟಿಷರ ದ್ವೀಪ; ಆದರೆ ಯುದ್ಧದ ಸುದ್ದಿಯೇ ಅಲ್ಲಿಗೆ ತಲುಪಿರಲಿಲ್ಲ. ಜರ್ಮನರು ಬಾಯಿ ಬಿಡಲಿಲ್ಲ. ದ್ವೀಪದವರ ಕೆಟ್ಟುಹೋಗಿದ್ದ ಯಂತ್ರದೋಣಿಯನ್ನು ರಿಪೇರಿ ಮಾಡಿಕೊಟ್ಟು, ಅವರಿತ್ತ ಉಪಚಾರ ಸ್ವೀಕರಿಸಿ, ಹಡಗಿನ ತಳವನ್ನು ತೊಳೆದುಕೊಂಡು ಹೊರಟರು.

ಅಕ್ಟೋಬರ್ 28ರ ಮುಂಜಾವದಲ್ಲಿ ಪೆನಾಂಗ್ ಬಂದರಿನಲ್ಲಿ ನಡೆದದ್ದರಲ್ಲಿ ತಮಾಷೆ ಇರಲಿಲ್ಲ. ಸುಳ್ಳು ಕೊಳವೆಯನ್ನು ಹೊತ್ತು ಒಳಹೊಕ್ಕ ಎಮ್ಡನ್, ಜರ್ಮನ್ ಧ್ವಜವನ್ನೇರಿಸಿ, ಲಂಗರು ಹಾಕಿದ್ದ ರಷ್ಯದ ‘ಜೆಮ್‌ಚುಗ್’ ಯುದ್ಧನೌಕೆಯ ಮೇಲೆ ಟಾರ್ಪಿಡೊ ಬಿಟ್ಟಿತು. ರಷ್ಯನ್ ಕಪ್ತಾನ ಆ ರಾತ್ರಿ ಊರಿನಲ್ಲಿದ್ದ, ಹಡಗಿನವರು ನಿದ್ದೆಯಲ್ಲಿದ್ದರು. ಎಂಬತ್ತಕ್ಕೂ ಹೆಚ್ಚು ಮಂದಿ ಸತ್ತರು. ಹೊರಬರುವಾಗ ಎದುರಾದ ಫ್ರೆಂಚ್ ‘ಮುಸ್ಕೆ’ ಕೂಡ ಮುಳುಗಿತು. ಬೆನ್ನಟ್ಟುವವರ ಭಯವಿದ್ದರೂ ಮುಲ್ಲರ್ ಹಡಗನ್ನು ನಿಲ್ಲಿಸಿ, ನೀರಿನಲ್ಲಿ ಈಜುತ್ತಿದ್ದ 36 ಫ್ರೆಂಚರನ್ನು ಎತ್ತಿಕೊಂಡರು. ಬದುಕುಳಿದವರನ್ನು ಮುಂದೆ ಸಿಕ್ಕಿದ ಬ್ರಿಟಿಷ್ ಹಡಗೊಂದಕ್ಕೆ ಒಪ್ಪಿಸಿ ಸುಮಾತ್ರಕ್ಕೆ ಕಳುಹಿಸಿದರು. ನಿದ್ದೆಯಲ್ಲಿದ್ದವರನ್ನು ಕೊಂದ ಕೈಯೂ ಮುಳುಗುವವರನ್ನು ಎತ್ತಿದ ಕೈಯೂ ಒಂದೇ ಬೆಳಗಿನಲ್ಲಿ ಒಬ್ಬನದೇ ಆಗಿತ್ತು. ಯುದ್ಧಧರ್ಮದ ಪ್ರಕಾರ ಎರಡೂ ಸರಿಯೇ ಇದ್ದಿರಬಹುದು. ಆ ಮನುಷ್ಯನ ಮನಸ್ಸಿನಲ್ಲಿ ಎರಡೂ ಸಮನಾಗಿ ಕುಳಿತವೇ ಎಂಬುದು ಬೇರೆ ಪ್ರಶ್ನೆ.

ನವೆಂಬರ್ 9ರಂದು ಕೊಕೊಸ್ ದ್ವೀಪಗಳಲ್ಲಿ ಅಂತ್ಯ ಬಂದಿತು. ಅಲ್ಲಿಯ ನಿಸ್ತಂತು ಕೇಂದ್ರವನ್ನೂ ಸಮುದ್ರದಡಿಯ ತಂತಿಗಳನ್ನೂ ನಾಶಮಾಡಲು ಮುಲ್ಲರ್ ತಮ್ಮ ಉಪಾಧಿಕಾರಿ ಫಾನ್ ಮ್ಯೂಕೆಯವರೊಂದಿಗೆ ಸುಮಾರು ಐವತ್ತು ಜನರನ್ನು ದಡಕ್ಕಿಳಿಸಿದರು. ಕೇಂದ್ರದ ನೌಕರರು ಪ್ರತಿಭಟಿಸಲಿಲ್ಲ. ನಿಸ್ತಂತು ಕಂಬವನ್ನು ತಮ್ಮ ಟೆನ್ನಿಸ್ ಅಂಗಣದ ಮೇಲೆ ಬೀಳದಂತೆ ಕೆಡವಬೇಕೆಂದಷ್ಟೇ ಕೇಳಿಕೊಂಡರು. ಜರ್ಮನರು ಹಾಗೆಯೇ ಮಾಡಿದರು. ಆದರೆ ಕಂಬ ಬೀಳುವ ಮುನ್ನವೇ ಅಪರಿಚಿತ ಹಡಗು ಬಂದಿದೆಯೆಂಬ ಸಂದೇಶ ಹೊರಟುಹೋಗಿತ್ತು. ಐವತ್ತೇ ಮೈಲಿಯ ಆಚೆ, ಸುಮಾರು 30,000 ಸೈನಿಕರನ್ನು ಹೊತ್ತ ಆಸ್ಟ್ರೇಲಿಯ–ನ್ಯೂಜಿಲೆಂಡಿನ ನೌಕಾಸಾಲು ಸಾಗುತ್ತಿತ್ತು. ಎಮ್ಡನ್ನಿನವರಿಗೆ ಅದರ ಸುಳಿವೇ ಇರಲಿಲ್ಲ. ಕಾವಲಿಗಿದ್ದ ‘ಸಿಡ್ನಿ’ ಎಂಬ ಯುದ್ಧನೌಕೆ ಅತ್ತ ತಿರುಗಿತು. ದಿಗಂತದಲ್ಲಿ ಕಂಡ ಹೊಗೆಯನ್ನು ತಾವು ಕರೆಸಿಕೊಂಡ ಬುರೆಸ್ಕಿನದೆಂದೇ ಮುಲ್ಲರ್ ತಿಳಿದರು. ನಿಜ ತಿಳಿಯುವ ಹೊತ್ತಿಗೆ ಇಳಿದವರನ್ನು ಕರೆಸಿಕೊಳ್ಳಲು ಸಮಯ ಉಳಿಯಲಿಲ್ಲ.

ಸಿಡ್ನಿ ದೊಡ್ಡದು, ವೇಗದ್ದು. ಅದರ ಫಿರಂಗಿಗಳು ಹೆಚ್ಚು ದೂರ ಹೊಡೆಯಬಲ್ಲವು. ಎಮ್ಡನ್ನಿನ ಮೊದಲ ಗುಂಡುಗಳು ಗುರಿ ತಲುಪಿದವಾದರೂ ಮುಂದಿನದು ಏಕಪಕ್ಷೀಯ. ಕೊಳವೆಗಳು ಉರುಳಿದವು, ಚುಕ್ಕಾಣಿ ಕೆಟ್ಟಿತು, ಫಿರಂಗಿಗಳು ಒಂದೊಂದಾಗಿ ಮೌನವಾದವು. ಉಳಿದವರ ಪ್ರಾಣವನ್ನಾದರೂ ಉಳಿಸೋಣವೆಂದು ಮುಲ್ಲರ್ ಹಡಗನ್ನು ಉತ್ತರ ಕೀಲಿಂಗ್ ದ್ವೀಪದ ಹವಳದ ದಿಬ್ಬಕ್ಕೆ ಏರಿಸಿದರು. ಸಿಡ್ನಿ ಬುರೆಸ್ಕನ್ನು ಬೆನ್ನಟ್ಟಿ ಹೋಗಿ ಸಾಯಂಕಾಲ ನಾಲ್ಕರ ಸುಮಾರಿಗೆ ಮರಳಿ ಬಂದಾಗ, ಮುರಿದ ಹಡಗಿನ ಮೇಲೆ ಜರ್ಮನ್ ಧ್ವಜ ಇನ್ನೂ ಹಾರುತ್ತಿತ್ತು. ಶರಣಾಗುವಿರಾ ಎಂದು ಸಂಜ್ಞೆಯಿಂದ ಕೇಳಿದ್ದಕ್ಕೆ ಉತ್ತರ ಬರಲಿಲ್ಲ. ಸಂಜ್ಞೆಗಳ ಪುಸ್ತಕಗಳನ್ನು ಜರ್ಮನರು ಆಗಲೇ ನಾಶಮಾಡಿದ್ದರು. ಸಿಡ್ನಿ ಮತ್ತೆ ಗುಂಡು ಹಾರಿಸಿತು. ಇನ್ನಷ್ಟು ಜನ ಸತ್ತ ಮೇಲೆ ಧ್ವಜ ಕೆಳಗಿಳಿಯಿತು.

ಆ ಧ್ವಜವನ್ನು ಮಧ್ಯಾಹ್ನವೇ ಇಳಿಸಿದ್ದರೆ ಕೆಲವರಾದರೂ ಬದುಕುತ್ತಿದ್ದರು. ಈ ಮಾತನ್ನು ಮುಲ್ಲರರ ಮೇಲಿನ ದೂರೆಂದು ತಿಳಿಯಬೇಕಾಗಿಲ್ಲ. ಗಾಯಾಳುಗಳಿಂದ ತುಂಬಿದ ಕಬ್ಬಿಣದ ಒಲೆಯಂತಹ ಹಡಗಿನಲ್ಲಿ ಯಾರಿಗೆ ಯಾವುದು ಹೊಳೆಯುತ್ತಿತ್ತೋ ಹೇಳುವುದು ಕಷ್ಟ. ಆದರೂ ಅವರ ಮುಂದಿನ ಮೌನವನ್ನು ಅರಿಯಬೇಕಾದರೆ ಈ ಸಾಯಂಕಾಲವನ್ನು ಮರೆಯಲಾಗದು. ನೆರವು ಬಂದದ್ದು ಮರುದಿನ. ಅಲ್ಲಿಯವರೆಗೆ ಗಾಯಾಳುಗಳಿಗೆ ಕುಡಿಯುವ ನೀರೂ ಇರಲಿಲ್ಲ. ಎಮ್ಡನ್ನಿನ 130ಕ್ಕೂ ಹೆಚ್ಚು ಮಂದಿ ಮಡಿದರು, ಸಿಡ್ನಿಯವರು ನಾಲ್ವರು. ಕಪ್ತಾನ ಗ್ಲಾಸಪ್ ಮುಲ್ಲರರ ಖಡ್ಗವನ್ನು ಅವರ ಬಳಿಯೇ ಇರಗೊಟ್ಟರು. ಸಿಡ್ನಿ ಕೊಲಂಬೊ ಬಂದರನ್ನು ಪ್ರವೇಶಿಸುವಾಗ, ಹಡಗಿನಲ್ಲಿ ಗಾಯಗೊಂಡ ಶತ್ರುಗಳಿರುವುದರಿಂದ ಯಾರೂ ಜಯಘೋಷ ಮಾಡಬಾರದೆಂದು ಗ್ಲಾಸಪ್ ಮೊದಲೇ ಕೇಳಿಕೊಂಡಿದ್ದರು. ವಿಜಯಿಗಳ ಹಡಗು ನಿಶ್ಶಬ್ದವಾಗಿ ಬಂದರು ಸೇರಿತು.

ದಡಕ್ಕಿಳಿದಿದ್ದ ಮ್ಯೂಕೆಯ ತಂಡದ್ದೇ ಬೇರೊಂದು ಸಾಹಸ. ‘ಆಯೆಷಾ’ ಎಂಬ ಹಳೆಯ ಹಾಯಿಹಡಗನ್ನು ಹಿಡಿದು ಪಾರಾಗಿ, ಅರೇಬಿಯದ ಮರಳುಗಾಡು ದಾಟಿ 1915ರಲ್ಲಿ ಕಾನ್‌ಸ್ಟಾಂಟಿನೋಪಲ್ ತಲುಪಿದರು. ಮ್ಯೂಕೆ ಕೂಡಲೇ ಎರಡು ಪುಸ್ತಕ ಬರೆದು ಖ್ಯಾತರಾದರು. ಹಡಗಿನಲ್ಲಿದ್ದ ಚಕ್ರವರ್ತಿಯ ಬಂಧು, ರಾಜಕುಮಾರ ಫ್ರಾನ್ಸ್ ಯೋಸೆಫ್ ಕೂಡ ಮುಂದೆ ಪುಸ್ತಕ ಬರೆದರು.

ಮುಲ್ಲರ್ ಮಾತ್ರ ಸೆರೆಯಾಳಾಗಿ ಮಾಲ್ಟಾ ದ್ವೀಪಕ್ಕೆ ಹೋದರು. 1916ರಲ್ಲಿ ಅವರನ್ನು ಇಂಗ್ಲೆಂಡಿನ ಸಟನ್ ಬೊನಿಂಗ್ಟನ್ ಎಂಬಲ್ಲಿಗೆ ಸಾಗಿಸಿದರು. ಅಲ್ಲಿ 1917ರ ಸೆಪ್ಟೆಂಬರಿನಲ್ಲಿ ಇಪ್ಪತ್ತಕ್ಕೂ ಹೆಚ್ಚು ಸೆರೆಯಾಳುಗಳು ಸುರಂಗ ತೋಡಿ ತಪ್ಪಿಸಿಕೊಂಡಾಗ ಅದರ ಮುಂದಾಳು ಈ ಮಿತಭಾಷಿ ಕಪ್ತಾನರೇ. ಬಹಳ ಹೊತ್ತಾಗುವ ಮುನ್ನವೇ ಅವರು ಸಿಕ್ಕಿಬಿದ್ದರು. ಇಂಗ್ಲೆಂಡಿನ ಚಳಿಯಲ್ಲಿ ಆಫ್ರಿಕದ ಹಳೆಯ ಜ್ವರ ಮರುಕಳಿಸಿತು. 1918ರ ಆರಂಭದಲ್ಲಿ ಚಿಕಿತ್ಸೆಗಾಗಿ ಹಾಲೆಂಡಿಗೆ ಕಳುಹಿಸಲಾಯಿತು. ಅಕ್ಟೋಬರಿನಲ್ಲಿ ತಾಯ್ನಾಡನ್ನು ಕಂಡರು. ಜರ್ಮನಿಯ ಅತ್ಯುಚ್ಚ ವೀರಪದಕವಾದ ‘ಪೂರ್ ಲ ಮೆರಿಟ್’ ಅವರಿಗೆ ಸಂದದ್ದು ಆ ವರ್ಷದ ಮಾರ್ಚಿನಲ್ಲಿ, ಎಮ್ಡನ್ ನಾಶವಾಗಿ ಮೂರು ವರ್ಷ ಕಳೆದ ಮೇಲೆ. ಅವರು ಮರಳಿದ ಕೆಲವೇ ವಾರಗಳಲ್ಲಿ ಚಕ್ರವರ್ತಿಯೂ ಇಲ್ಲ, ಸಾಮ್ರಾಜ್ಯವೂ ಇಲ್ಲ.

1919ರಲ್ಲಿ ಆರೋಗ್ಯದ ಕಾರಣದಿಂದ ನಿವೃತ್ತರಾಗಿ, ಹಾರ್ಟ್ಸ್ ಬೆಟ್ಟಸೀಮೆಯ ಬ್ಲಾಂಕೆನ್‌ಬುರ್ಗ್ ಎಂಬ ಸಣ್ಣ ಪಟ್ಟಣದಲ್ಲಿ ನೆಲೆಸಿದರು. ಮದುವೆಯಾದದ್ದೂ ಆಮೇಲೆಯೇ, ಇಬ್ಬರು ಹೆಣ್ಣುಮಕ್ಕಳಾದರು. ಬ್ರೌನ್‌ಶ್ವೈಗ್ ಪ್ರಾಂತದ ಶಾಸನಸಭೆಗೆ ಆಯ್ಕೆಯಾದರು. ಎಮ್ಡನ್ನಿನ ಕತೆಯನ್ನು ಬರೆದುಕೊಡಬೇಕೆಂದು ಕೇಳಿ ಬಂದವರನ್ನೆಲ್ಲ ವಿನಯದಿಂದಲೇ ಹಿಂದೆ ಕಳುಹಿಸಿದರು. ಹಾಗೆ ಬರೆದು ಹಣ ಪಡೆದರೆ ತಮ್ಮ ಜೊತೆಗಾರರ ರಕ್ತವನ್ನೇ ನಾಣ್ಯವಾಗಿಸಿಕೊಂಡಂತಾಗುತ್ತದೆ ಎಂಬ ಭಾವನೆ ಅವರನ್ನು ಬಿಡುತ್ತಿರಲಿಲ್ಲ. ಯುದ್ಧದಲ್ಲಿ ಸೋತು ಬಡತನಕ್ಕಿಳಿದ ಜರ್ಮನಿಯಲ್ಲಿ ಕಾಯಿಲೆಯ ನಿವೃತ್ತ ಅಧಿಕಾರಿಯೊಬ್ಬನಿಗೆ ಆ ಹಣ ಬೇಡವೆನ್ನುವುದು ಸುಲಭವಾಗಿರಲಾರದು.

ಬದುಕುಳಿದ ನಾವಿಕರಿಗೆ ತಮ್ಮ ಹೆಸರಿನ ಕೊನೆಗೆ ಎಮ್ಡನ್ ಎಂದು ಸೇರಿಸಿಕೊಳ್ಳುವ ಹಕ್ಕು ದೊರೆಯಿತು; ಜರ್ಮನಿಯ ಕೆಲವು ಕುಟುಂಬಗಳು ಇಂದಿಗೂ ಅದನ್ನು ಉಳಿಸಿಕೊಂಡಿವೆ. ಹಡಗಿನ ಒಂದು ಫಿರಂಗಿ ಸಿಡ್ನಿ ನಗರದ ಹೈಡ್ ಉದ್ಯಾನದಲ್ಲಿದೆ. ಜ್ವರದಿಂದ ಸವೆದು ಹೋಗಿದ್ದ ಕಾರ್ಲ್ ಫಾನ್ ಮುಲ್ಲರ್ 1923ರ ಮಾರ್ಚ್ 11ರಂದು ಬ್ಲಾಂಕೆನ್‌ಬುರ್ಗಿನಲ್ಲಿ ತೀರಿಕೊಂಡರು. ಐವತ್ತು ತುಂಬಲು ಇನ್ನೂ ಮೂರು ತಿಂಗಳಿತ್ತು.